ಅಜ್ಜಿಯ ಬಿಳಿ ಸೆಂಟು

ಹಂದಿ ಸಾರಿಗೆ ನಮ್ಮ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಬಿದ್ದಾಗ ಏಳುವ ಹುಳಿ ವಾಸನೆಗೆ ಊರವರಿಗೆಲ್ಲ ಬಾಯಲ್ಲಿ ನೀರೂರಿದರೆ ನಾನು ತಟ್ಟೆ ಸರಿಸಿ ಎದ್ದುಬಿಡುತ್ತೇನೆ. ಕಕ್ಕಬೆಯ ನಮ್ಮ ಆ ಮನೆ ಈಗಿಲ್ಲ. ಆದರೂ ಅದರ ಅಡುಗೆಕೋಣೆಯ ಕಿಟಕಿ, ಅಲ್ಲಿದ್ದ ಪಿಂಗಾಣಿ ಬಟ್ಟಲು, ಅದರ ಮೇಲೆ ಬಗ್ಗಿದ ಅಜ್ಜಿ ಒಟ್ಟಿಗೇ ಕಣ್ಣೆದುರು ಬಂದುಬಿಡುತ್ತವೆ. ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದ ಕಾಲ ಅದು. ಎರಡನೇ ಮಹಾಯುದ್ಧ ಮುಗಿದು ವರ್ಷಗಳೇ ಕಳೆದಿದ್ದವು. ಬರ್ಮಾ ಕಡೆ ಮಿಲಿಟರಿ ಲಾರಿ ಓಡಿಸುತ್ತಿದ್ದ ಚಿಕ್ಕಪ್ಪ ಮಾತ್ರ ಬಂದಿರಲಿಲ್ಲ. ಕೊನೆಯ ರಜೆಯಲ್ಲಿ ಬಂದಾಗ, ಅಲ್ಲಿ ಜೊತೆಗಿದ್ದ ಅಮೆರಿಕದ ಸಿಪಾಯಿಗಳು ಕೊಟ್ಟ ಚಿಲ್ಲರೆಯನ್ನು ಅಜ್ಜಿಯ ಕೈಯಲ್ಲಿಟ್ಟು ಹೋಗಿದ್ದರು. ಎಲ್ಲ ಒಂದೊಂದು ಸೆಂಟಿನವು, ಗಡ್ಡದವನೊಬ್ಬನ ಮುಖದವು. ತಾಮ್ರದವುಗಳ ನಡುವೆ ಒಂದೇ ಒಂದು ಬಿಳಿಯದಿತ್ತು. ಅದು ಬೆಳ್ಳಿಯೆಂದೇ ಅಜ್ಜಿ ನಂಬಿದ್ದಳು. ಫೋಟೋ ಇಲ್ಲ, ಗೋರಿ ಇಲ್ಲ. ಅವಳ ಪಾಲಿಗೆ ಮಗನೆಂದರೆ ಅದೇ.

ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಕೋಳಿ, ಕಳ್ಳು ಬಡಿಸುವಾಗ ತಮ್ಮನಿಗೂ ಒಂದು ಎಲೆ ಹಾಕೋಣವೆಂದು ಅಪ್ಪ ಕೇಳುತ್ತಿದ್ದರು. ಬದುಕಿರುವವನಿಗೆ ಸತ್ತವರ ಎಲೆಯೇ ಎಂದು ಅಜ್ಜಿ ಸಿಡುಕುತ್ತಿದ್ದಳು. ಆ ವರ್ಷ ಯಾಕೋ ಹೂಂ ಅಂದಳು. ಎಲೆಯ ಪಕ್ಕ ಮಗನ ಗುರುತಿಗೆಂದು ಇಡುವ ನಾಣ್ಯ ಬೆಳಗಬೇಕಲ್ಲ! ಹಿತ್ತಾಳೆ ದೀಪ ತಿಕ್ಕುವುದಕ್ಕೂ ಹುಣಿಸೆ ಬೇಡ, ಕಾಚಂಪುಳಿಯೇ ಆಗಬೇಕು ಎನ್ನುವವಳು, ನಾಣ್ಯಗಳನ್ನೂ ಅದರಲ್ಲೇ ನೆನೆಹಾಕಿದಳು. ತಾಮ್ರದವು ಕೆಂಪಗೆ ಹೊಳೆದವು. ಬಿಳಿಯದರ ಮೇಲೆ ಮಾತ್ರ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು. ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

"ನೋಡ್ ಕೂಸೇ, ಉಸುರ್ ಬುಡ್ತಾ ಉಟ್ಟು."

ಮಗ ಉಸಿರಾಡುತ್ತಿದ್ದಾನೆ, ಬದುಕಿದ್ದಾನೆ, ಎಲೆ ಬೇಡ ಎಂದು ಅಪ್ಪನಿಗೆ ಹೇಳಿಕಳಿಸಿದಳು. ಅಪ್ಪ ಬಂದು ಬಟ್ಟಲನ್ನು ನೋಡಿದರು, ಅಜ್ಜಿಯ ಮುಖ ನೋಡಿದರು, ತಮ್ಮನಿಗೆಂದು ತಂದ ಎಲೆಯನ್ನು ಮಡಿಸಿ ತೆಗೆದಿಟ್ಟರು. ಅಷ್ಟು ವರ್ಷಗಳ ಮೇಲೆ ನಗುತ್ತಿದ್ದವಳಿಗೆ ಏನು ಹೇಳುತ್ತೀರಿ? ಆ ವರ್ಷವೂ ಚಿಕ್ಕಪ್ಪನಿಗೆ ಎಲೆ ಬೀಳಲಿಲ್ಲ.

ಆಮೇಲೆ ಬಟ್ಟಲನ್ನು ಯಾರೂ ಮುಟ್ಟುವಂತಿರಲಿಲ್ಲ. ಗುಳ್ಳೆ ಕಡಿಮೆಯಾದಾಗಲೆಲ್ಲ ಅಜ್ಜಿ, ಹಸಿದ ಮಗುವಿಗೆ ಹಾಲು ಹನಿಸುವ ಹಾಗೆ, ಇನ್ನಷ್ಟು ಕಾಚಂಪುಳಿ ಹನಿಸುತ್ತಿದ್ದಳು. ಗುಳ್ಳೆ ಏಳುತ್ತಿತ್ತು, ಅವಳ ಮುಖ ಅರಳುತ್ತಿತ್ತು. ಗಡ್ಡದವನ ಮುಖ ಮಾತ್ರ ಸವೆದು ಸವೆದು ಕಾಣದಾಯಿತು. ನನಗೂ ಅದು ಕಾಣುತ್ತಿತ್ತು, ಅಪ್ಪನಿಗೂ ಕಾಣುತ್ತಿತ್ತು. ಅವಳ ಕೈ ತಡೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮುಂದೆ ಮಡಿಕೇರಿಯ ಹೈಸ್ಕೂಲಿನಲ್ಲಿ ಮೇಷ್ಟ್ರು ಸತುವಿನ ಚೂರಿಗೆ ಆಮ್ಲ ಸುರಿದು, ಏಳುತ್ತಿರುವುದು ಜಲಜನಕ, ಸತುವು ಕರಗಿಹೋಗುತ್ತಿದೆ, ತಾಮ್ರಕ್ಕೆ ಹೀಗಾಗುವುದಿಲ್ಲ ಎಂದರು. ಯುದ್ಧಕಾಲದಲ್ಲಿ ತಾಮ್ರ ಸಾಲದೆ ಅಮೆರಿಕದವರು ಉಕ್ಕಿಗೆ ಸತು ಬಳಿದು ಸೆಂಟು ಅಚ್ಚುಹಾಕಿದ್ದರೆಂದು ತಿಳಿದದ್ದು ಇನ್ನೂ ಆಮೇಲೆ. ಅವತ್ತು ಕ್ಲಾಸಿನವರೆಲ್ಲ ಗುಳ್ಳೆ ನೋಡಲು ಮುಂದೆ ನುಗ್ಗಿದರು. ನಾನು ಬೆಂಚಿನ ಮೇಲೆ ತಲೆಯಿಟ್ಟು ಅತ್ತೆ.

ನಾನು ಹೈಸ್ಕೂಲು ಸೇರುವ ಮೊದಲೇ, ಒಂದು ಬೆಳಿಗ್ಗೆ, ಎಷ್ಟು ಹನಿಸಿದರೂ ಗುಳ್ಳೆ ಏಳಲಿಲ್ಲ. ಅಜ್ಜಿ ಕರಿ ಹಿಡಿದ ಆ ಬಿಲ್ಲೆಯನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಆಮೇಲೆ ಅಪ್ಪನನ್ನು ಕರೆದಳು.

"ಉಸುರ್ ನಿಂತೋತ್. ಎಲೆ ಹಾಕ್."

ಬರ್ಮಾದಲ್ಲಿ ಎಲ್ಲಿ, ಯಾವಾಗ ಎಂದು ನಮಗೆ ಕೊನೆಗೂ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಚಿಕ್ಕಪ್ಪ ತೀರಿಕೊಂಡದ್ದು ಆ ಬೆಳಿಗ್ಗೆ, ಅಡುಗೆಕೋಣೆಯಲ್ಲಿ, ಅವರ ತಾಯಿಯ ಕೈಯಲ್ಲಿ.