ಗಾಳಿಗಳ್ಳರ ವೈರಿ

ಸೈಕಲ್ ರೇಸಿಗೆ ಜನ ಚಪ್ಪಾಳೆ ತಟ್ಟಲು ಬರುತ್ತಾರೆ. ನಮ್ಮ ನೇಮಣ್ಣಕಾಕಾ ಬೈಯಲಿಕ್ಕೆಂದೇ ಬರುತ್ತಿದ್ದ. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ದಾರಿಯಲ್ಲಿ, ಎದುರುಗಾಳಿ ಮುಖಕ್ಕೆ ಹೊಡೆಯುವ ಬಯಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು, ಅವನ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಬರುವವರನ್ನು ಕಂಡರೆ ಕಾಕಾನ ಕುತ್ತಿಗೆಯ ನರ ಉಬ್ಬುತ್ತಿತ್ತು. ಅಂಥವರಿಗೆ ಅವನಿಟ್ಟ ಹೆಸರು ಗಾಳಿಗಳ್ಳರು.

ಕಾಕಾ ನನ್ನ ಅಪ್ಪನ ತಮ್ಮ. ನಮ್ಮ ಮನೆ ತೇರದಾಳದಲ್ಲಿ, ಅವನ ನೂಲಿನ ಅಂಗಡಿ ಬನಹಟ್ಟಿಯಲ್ಲಿ. ಅಂಗಡಿಗೆ ಕೇಬಲ್ ಬಂದ ಮೇಲೆ ಅಮೆರಿಕದ ಕಾರ್ ರೇಸ್ ನೋಡುವ ಹುಚ್ಚೂ ಹತ್ತಿತು. ಅಲ್ಲಿಯೂ ಅದೇ ಆಟ. ಕಾರಿನ ಹಿಂದೆ ಕಾರು ಮೂಗು ತಾಗಿಸಿಕೊಂಡು ಸುತ್ತುವುದು, ಕೊನೆಯ ಸುತ್ತಿನಲ್ಲಿ ಹಿಂದಿನದು ಪಕ್ಕಕ್ಕೆ ಸರಿದು ಗೆದ್ದುಬಿಡುವುದು. ಹಿಂದೆ ಕಾರಿದ್ದರೆ ಮುಂದಿನದಕ್ಕೂ ವೇಗ ಹೆಚ್ಚುತ್ತದೆಂದು ಗಿರಾಕಿಯೊಬ್ಬ ವಾದಿಸಿದ.

"ಹಂಗಾದ್ರ ನಿನ್ನ ಕಿಸೆದಾಗ ಕೈ ಹಾಕ್ತೇನಿ, ನಿನಗೂ ಬೆಚ್ಚಗ ಆಗತೈತಿ," ಅಂದ ಕಾಕಾ. ಆ ಗಿರಾಕಿ ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ನನಗೆ ಸೈಕಲ್ ಕಲಿಸಿದವನು ಅವನೇ, ರೇಸ್ ಸೈಕಲ್ ಕೊಡಿಸಿದವನೂ ಅವನೇ. ಕಾಲೇಜಿನಲ್ಲಿದ್ದಾಗ ಮುಧೋಳದ ರೇಸಿನಲ್ಲಿ ನಾನು ಗೆಳತಿ ಲಕ್ಷ್ಮಿಯ ಬೆನ್ನ ಹಿಂದೆಯೇ ದಾರಿ ಸವೆಸಿ, ಮುಕ್ತಾಯದ ಗೆರೆ ಕಾಣುತ್ತಲೇ ಪಕ್ಕಕ್ಕೆ ಹೊರಬಿದ್ದು ಗೆದ್ದೆ. ಈ ಸಲ ನಾನು, ಮುಂದಿನ ಸಲ ಅವಳು ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಕಾಕಾ ಜನರನ್ನು ಸರಿಸಿಕೊಂಡು ಬಂದ. ನನ್ನ ಕೊರಳಿನ ಹಾರ ತೆಗೆದು ಲಕ್ಷ್ಮಿಗೆ ಹಾಕಿದ.

"ಇದು ಆಕೀದು. ನೀ ಗಾಳಿಗಳ್ಳಿ," ಅಂದ, ಎಲ್ಲರಿಗೂ ಕೇಳುವಂತೆ. ಲಕ್ಷ್ಮಿ ನಮ್ಮ ಒಪ್ಪಂದದ ವಿಷಯ ಹೇಳಹೋದಳು. ಅವನು ಕಿವಿಗೇ ಹಾಕಿಕೊಳ್ಳದೆ ಸ್ಕೂಟರ್ ಹತ್ತಿದ.

ನಾನು ಅವನ ಮನೆಗೆ ಹೋಗುವುದು ಬಿಟ್ಟೆ. ಅವನು ರೇಸಿಗೆ ಬರುವುದು ಬಿಟ್ಟ. ಮರುವರ್ಷ ಅದೇ ದಾರಿಯಲ್ಲಿ ನಾನು ಮುಂದಿದ್ದು ಗಾಳಿ ಸೀಳಿದ್ದನ್ನು, ನನ್ನ ಮರೆಯಿಂದ ಹೊರಬಿದ್ದು ಲಕ್ಷ್ಮಿ ಗೆದ್ದದ್ದನ್ನು ಅವನು ನೋಡಲೇ ಇಲ್ಲ.

ಎಷ್ಟೋ ವರ್ಷಗಳ ಮೇಲೆ, ಅವನು ಹಾಸಿಗೆ ಹಿಡಿದಿದ್ದಾನೆಂದು ಅವ್ವ ನನ್ನನ್ನು ಒತ್ತಾಯಿಸಿ ಬನಹಟ್ಟಿಗೆ ಕರೆದೊಯ್ದಳು. ಅವನಿಗೆ ಆ ಮರುವರ್ಷದ ರೇಸಿನ ಕಥೆ ಪೂರ್ತಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದ.

"ಹಂಗಾದ್ರ ಇಬ್ಬರೂ ಕಳ್ಳರು," ಅಂದ.

ಚಹಾದ ಕಪ್ಪು ಕೆಳಗಿಟ್ಟು ಎದ್ದೆ. ಹೊಸಿಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಅವನ ದನಿ ಕೇಳಿತು.

"ಅವತ್ತ ಗಾಳಿ ಭಾಳ ಇತ್ತೇನ?"

"ಇತ್ತು."

"ಆಕೀನ ಎಲ್ಲೀತನಕಾ ಎಳದಿ?"

"ಗೆರಿ ಕಾಣೂತನಕ."

ತಿರುಗಿ ನೋಡದೆ ಹೊಸಿಲು ದಾಟಿದೆ. ಆ ವಾರವೇ ಕಾಕಾ ತೀರಿಕೊಂಡ.