ಕೆಂಪು ಕವಚ ಮತ್ತು ಜವಳಿ ಅಂಗಡಿಯ ಕಾಕಾ

ಹೋದ ತಿಂಗಳು ಒಂದು ವರದಿಗಾಗಿ ಮಹಾರಾಷ್ಟ್ರದ ಮಿರಜ ಪೇಟೆಯ ಜವಳಿ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಮಾತಾಡುತ್ತಲೇ ಹೊಸ ಇಳಕಲ್ ಸೀರೆಯೊಂದರ ಮಡಿಕೆ ಬಿಚ್ಚಿದರು. ಗಂಜಿಯ ವಾಸನೆ ಬಂತು. ನಾನು ಬರೆದುಕೊಳ್ಳುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತಿತು…

ಆ ವಾಸನೆಯ ನಡುವೆ ನಾನು ಸುಮಾರು ಎರಡು ವರ್ಷದ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಆಗ ನಮ್ಮ ಪತ್ರಿಕೆಯ ಮಿರಜ ಕಚೇರಿ ಮಹಡಿಯ ಮೇಲಿತ್ತು, ಕೆಳಗೆ ಹಿರಿಯರೊಬ್ಬರ ಜವಳಿ ಅಂಗಡಿ. ಅವರನ್ನು ಪೇಟೆಯವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಮನೆಮಾತು ಕನ್ನಡ, ಗಲ್ಲಾಪೆಟ್ಟಿಗೆಯ ಮಾತು ಮರಾಠಿ. ಮಧ್ಯಾಹ್ನ ಒಂದಕ್ಕೆ ಪೇಟೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಉಳಿದ ವ್ಯಾಪಾರಿಗಳು ಮನೆಗೆ ಹೋಗಿ ಉಂಡು ಮಲಗುತ್ತಿದ್ದರು. ಕಾಕಾ ಶಟರ್ ಅರ್ಧ ಇಳಿಸಿ ಗಾದಿಯ ಮೇಲೆ ಕೂರುತ್ತಿದ್ದರು. ನಾನು ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿಯುತ್ತಿದ್ದೆ.

ನಾನು ಆಡುತ್ತಿದ್ದುದು ಒಂದು ಕಂಪ್ಯೂಟರ್ ಆಟ. ಅದರಲ್ಲಿ ಪಾತ್ರವೊಂದನ್ನು ನಾವೇ ರೂಪಿಸಿ, ಕವಚ ತೊಡಿಸಿ, ಆಯುಧ ಕೊಟ್ಟು ಕಥೆಯೊಳಗೆ ನಡೆಸಬೇಕು. ಮೊದಮೊದಲು ಕಾಕಾ ಬರೀ ನೋಡುತ್ತಿದ್ದರು. ಆಮೇಲೆ ಆಟದಲ್ಲಿ ತಮಗೂ ಒಬ್ಬಳು ಯೋಧೆ ಬೇಕೆಂದರು. ಅವಳ ಮುಖವೊಂದಕ್ಕೇ ಮೂರು ಮಧ್ಯಾಹ್ನ ಹಿಡಿಯಿತು. ಮೂಗು ಚೂರು ಗಿಡ್ಡ, ಗದ್ದ ಚೂರು ಅಗಲ…

"ಯಾರ ಮಾರಿ ಕಾಕಾ ಇದು?"

"ಯಾರದೂ ಅಲ್ಲೋ. ಇಂಥಾ ಗಿರಾಕಿ ಒಬ್ಬಾಕಿ ನನ್ನ ಅಂಗಡಿಗಿ ಬರಬೇಕಿತ್ತು."

ಅವಳಿಗೆ ಅವರು ಆರಿಸಿದ್ದು ಕೆಂಪು ಕವಚ. ತೆಳು ಚರ್ಮದ್ದು, ಅಂಚಿಗೆ ಬಂಗಾರದ ಎಳೆ, ತಲೆಗೆ ಏನೂ ಇಲ್ಲ. ಪ್ರತಿ ಕವಚಕ್ಕೂ ಆಟ ಕೊಡುವ ರಕ್ಷಣೆಯ ಅಂಕಿ ನೋಡಿದರೆ ಅದು ಅಂಗಿಗಿಂತ ಸ್ವಲ್ಪ ಮೇಲು, ಅಷ್ಟೇ. ಸುದ್ದಿ ಉದ್ದವಾದರೆ ಮೊದಲು ಅಲಂಕಾರ ಕತ್ತರಿಸು ಎಂದು ಪತ್ರಿಕೆಯ ಡೆಸ್ಕಿನಲ್ಲಿ ಕಲಿತವನು ನಾನು. ಆಟದಲ್ಲೂ ಅಂಕಿ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ನನ್ನ ಯೋಧ ಕಬ್ಬಿಣದ ಪೀಪಾಯಿಯಂತಿದ್ದ, ಆದರೆ ಬದುಕಿದ್ದ. ಕಾಕಾನ ಹುಡುಗಿ ದಿನಕ್ಕೆ ಹತ್ತು ಸಲ ಸಾಯುತ್ತಿದ್ದಳು.

"ಕಾಕಾ, ತಲಿಗೆ ಒಂದ ಶಿರಸ್ತ್ರಾಣ ಆದ್ರೂ ಹಾಕ್ರಿ. ಸಾಯತಾಳ್ರಿ ಆಕಿ."

"ಆ ಬೋಗುಣಿ ಬೋರಲ ಹಾಕಿದ್ರ ಮಾರಿ ಕಾಣಂಗಿಲ್ಲ. ಸತ್ರ ಸಾಯಲಿ ಬಿಡು, ನೆಟ್ಟಗ ಕಾಣಸ್ಕೋತ ಸಾಯಲಿ."

ಸೀರೆ ಮಾರುವುದೂ ಹಾಗೆಯೇ. ಬಾಳಿಕೆಯ ಮಾತು ಅವರು ಎತ್ತುತ್ತಿರಲಿಲ್ಲ. ಸೆರಗನ್ನು ತಮ್ಮ ಭುಜದ ಮೇಲೇ ಹಾಸಿ, ಗಿರಾಕಿಯ ಮುಖ ನೋಡುತ್ತಿದ್ದರು. ಆ ಮುಖಕ್ಕೆ ಒಪ್ಪದಿದ್ದರೆ ಮಡಚಿ ಒಳಗಿಡುತ್ತಿದ್ದರು, ಗಿರಾಕಿ ಬೇಕೆಂದರೂ ಕೊಡುತ್ತಿರಲಿಲ್ಲ. "ಬಾಳಿಕಿ ಎಷ್ಟಂತ ಎಲ್ಲಾರೂ ಕೇಳತಾರ, ಬಾತಮೀದಾರ," ಎನ್ನುತ್ತಿದ್ದರು. ವರದಿಗಾರನನ್ನು ಮರಾಠಿಯಲ್ಲಿ ಕರೆಯುವುದು ಹಾಗೆ, ನನ್ನನ್ನು ಛೇಡಿಸಲು ಅವರು ಬಳಸುತ್ತಿದ್ದುದೂ ಅದನ್ನೇ. "ಉಟ್ಟಾಕಿಗಿ ಒಪ್ಪತೈತಿ ಇಲ್ಲೋ, ಯಾರೂ ಕೇಳಂಗಿಲ್ಲ."

ಆಟದಲ್ಲಿ ಒಂದು ಅರಮನೆ ಇತ್ತು. ಬಾಗಿಲಲ್ಲಿ ಒಬ್ಬ ರಾಕ್ಷಸ. ಕೆಂಪು ಕವಚದಲ್ಲಿ ಅವನೆದುರು ನಿಲ್ಲುವುದು ಆಗದ ಮಾತು. ಆದರೂ ಕಾಕಾ ತಿಂಗಳುಗಟ್ಟಲೆ ಪ್ರಯತ್ನಿಸಿದರು. ಅಷ್ಟರಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ನನ್ನನ್ನು ಕರೆದು ಹೇಳಿದರು: "ನನ್ನ ಕೈಲೆ ಆಗಲಿಲ್ಲ. ನೀ ಆಕಿನ್ನ ಬಾಗಲಾ ದಾಟಸು. ಆಕಿ ಒಳಗ ಹೋಗೂದು ಒಮ್ಮೆ ನೋಡತೇನಿ."

ದಾಟಿಸಿದೆ. ಆಟದೊಳಗಿನ ಅಂಗಡಿಯಲ್ಲಿ ಕೆಂಪು ಕವಚ ಮಾರಿ, ಅಲ್ಲಿದ್ದ ಅತಿ ಗಟ್ಟಿ ಕಬ್ಬಿಣದ್ದನ್ನು ಕೊಂಡು, ತಲೆಯಿಂದ ಕಾಲಿನವರೆಗೆ ತೊಡಿಸಿದೆ. ರಾಕ್ಷಸ ಮೊದಲ ಯತ್ನದಲ್ಲೇ ಬಿದ್ದ. ಅರಮನೆಯ ಒಳಗೆಲ್ಲ ಸುತ್ತಾಡಿಸಿ ಫೋನಿನಲ್ಲಿ ಚಿತ್ರೀಕರಿಸಿಕೊಂಡೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಸಂಜೆಯ ಭೇಟಿಯ ಹೊತ್ತಿಗೆ, ಹುಮ್ಮಸ್ಸಿನಿಂದ ಒಯ್ದೆ.

ಕಾಕಾ ಆಸ್ಪತ್ರೆಯ ಹಸಿರು ಅಂಗಿಯಲ್ಲಿದ್ದರು. ಫೋನನ್ನು ಹತ್ತಿರ ಹಿಡಿದು ಕೊನೆಯವರೆಗೂ ನೋಡಿದರು. ಅರಮನೆಯ ರೇಷ್ಮೆ ಪರದೆಗಳು, ಹಾಸುಗಂಬಳಿಗಳು, ಎಲ್ಲವೂ ಅದರಲ್ಲಿದ್ದವು.

"ಛಂದ ಐತಿ. ಆಕಿ ಎಲ್ಲಿ?"

"ಇದ ಆಕಿ, ಕಾಕಾ. ಕಬ್ಬಿಣದ ಒಳಗ ಅದಾಳ."

"ಕೆಂಪದು?"

"ಮಾರಿದೆ."

"ಯಾರು ತಗೊಂಡ್ರು?"

"ಯಾರೂ ಇಲ್ರಿ… ಆಟದಾಗ ಹಂಗ. ಮಾರಿದ ಮ್ಯಾಲೆ ಅದು ಇರೂದಿಲ್ಲ."

"ತೊಡಾವರ ಇಲ್ಲದ ಕಡೆ ಮಾರಿಬಿಟ್ಟೆನೋ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಫೋನ್ ನನಗೆ ಕೊಟ್ಟು, ಊಟ ಆಯಿತೇ ಎಂದು ಕೇಳಿದರು.

ಮರುದಿನ ಶಸ್ತ್ರಚಿಕಿತ್ಸೆ ನಡೆಯಿತು. ಅದಾಗಿ ನಾಲ್ಕನೆಯ ದಿನ ಕಾಕಾ ತೀರಿಕೊಂಡರು. ಪತ್ರಿಕೆಯಲ್ಲಿ ನಿಧನ ವಾರ್ತೆ ಬರೆದವನು ನಾನೇ. ಆರು ಸಾಲು, ಒಂದೂ ವಿಶೇಷಣವಿಲ್ಲ.

ಹೋದ ತಿಂಗಳು ಆ ಸೀರೆಯ ವಾಸನೆ ಬಂದ ದಿನ, ಮನೆಗೆ ಬಂದವನೇ ಹಳೆಯ ಲ್ಯಾಪ್‌ಟಾಪ್ ತೆರೆದೆ. ಅವಳು ಅರಮನೆಯ ನಡುಮನೆಯಲ್ಲಿ, ನಾನು ಬಿಟ್ಟಲ್ಲೇ, ಕಬ್ಬಿಣದಲ್ಲಿ ನಿಂತಿದ್ದಳು. ಏನೂ ಯೋಚಿಸದೆ ಒಂದು ಗುಂಡಿ ಒತ್ತಿದೆ. ಶಿರಸ್ತ್ರಾಣ ಕಳಚಿತು. ಗಿಡ್ಡ ಮೂಗು, ಅಗಲ ಗದ್ದ, ಕಾಕಾ ಮೂರು ಮಧ್ಯಾಹ್ನ ಕೂತು ತಿದ್ದಿದ ಮುಖ ಹಾಗೆಯೇ ಇತ್ತು.

ರಾಕ್ಷಸ ಬಿದ್ದ ಮೇಲೆ ಆ ಅರಮನೆಯಲ್ಲಿ ಅವಳನ್ನು ಹೊಡೆಯುವವರು ಯಾರೂ ಇರಲಿಲ್ಲ. ಶಿರಸ್ತ್ರಾಣವನ್ನು ಅವತ್ತೇ, ಚಿತ್ರೀಕರಿಸುವ ಮೊದಲು, ತೆಗೆಯಬಹುದಿತ್ತು. ನನಗೆ ಹೊಳೆಯಲಿಲ್ಲ.