ಆ ಗಾಡಿಯಲ್ಲಿ ಬರಬೇಡಿ ಅಂದಿದ್ದರು

2002ನೇ ಇಸವಿ. ಆಷಾಢ ಹಿಡಿಯುವುದರೊಳಗೆ ಗಾಡಿ ಮನೆಗೆ ಬಂದುಬಿಡಬೇಕು ಎಂದು ನಾನು ಹಟ ಹಿಡಿದು ಕೂತಿದ್ದೆ. ನಮ್ಮೂರು ಬಂಡಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ ನಮ್ಮ ಕಸುಬು. ಗೂಡು ಬಿಡಿಸಿದ ದಿನ ನಮ್ಮ ಪಾಡು ಯಾರಿಗೂ ಬೇಡ. ಮೂಟೆಗಳನ್ನು ಬಸ್ಸಿನ ಟಾಪಿಗೆ ಏರಿಸಿ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಹೋಗಬೇಕಿತ್ತು. ಕಂಡಕ್ಟರ್ ಗೊಣಗುತ್ತಿದ್ದ, ಮೇಲೆ ಬಿಸಿಲಿಗೆ ಗೂಡು ಬೇಯುತ್ತಿತ್ತು. ನೆಂಟರ ಮನೆಗೆ ಹೊರಟರೂ ಅದೇ ಬಸ್ಸು, ಎರಡು ಪುಟ್ಟ ಮಕ್ಕಳು, ಮಂಡಿ ನೋವಿನ ಅತ್ತೆ. ಒಂದು ಗಾಡಿ ಇದ್ದರೆ ಈ ಎಲ್ಲ ರಗಳೆಯೂ ತಪ್ಪುತ್ತದೆ ಎಂದು ಗಂಡನ ತಲೆ ತಿಂದು ತಿಂದು ಕೊನೆಗೂ ಒಪ್ಪಿಸಿದೆ.

ಕೊಳ್ಳೇಗಾಲದಲ್ಲಿ ಬಸಪ್ಪ ಎಂಬ ವಯಸ್ಸಾದ ಡ್ರೈವರ್ ತನ್ನ ಪಿಕಪ್ಪನ್ನು ಮಾರುತ್ತಿದ್ದಾನೆ ಎಂದು ಗೊತ್ತಾಯಿತು. ಅವನಿಗೆ ಕಣ್ಣು ಮಂಜಾಗುತ್ತಿತ್ತಂತೆ. ಡಬಲ್ ಕ್ಯಾಬಿನ್ನಿನ ಗಾಡಿ ಅದು. ಮುಂದೆ ಕಾರಿನಂತೆ ಎರಡು ಸಾಲು ಸೀಟು, ಹಿಂದೆ ಸಾಮಾನು ತುಂಬಲು ತೆರೆದ ತೊಟ್ಟಿ. ಹೊಸದಾಗಿ ನೀಲಿ ಬಣ್ಣ ಹೊಡೆಸಿದ್ದ. ನನ್ನ ಗಂಡ ಮಹದೇವ ಎಂಜಿನ್ ನೋಡಿದರು, ಟೈರು ಒದ್ದು ನೋಡಿದರು, ಸೀಟಿನ ಮೇಲೆ ಎಗರಿ ಕೂತು ನೋಡಿದರು. ಮೆಕ್ಯಾನಿಕ್ ಕೂಡ ಸೈ ಅಂದ. ವಾರದ ದಿನ ಗೂಡು ಸಾಗಿಸುವುದು, ಭಾನುವಾರ ಮನೆಮಂದಿ ಎಲ್ಲ ಕೂತು ಬೆಟ್ಟಕ್ಕೋ ಬೀಗರ ಮನೆಗೋ ಹೋಗುವುದು. ನನ್ನ ಲೆಕ್ಕಾಚಾರ ಅಷ್ಟು ಸಲೀಸಾಗಿತ್ತು.

ಗಾಡಿ ಮನೆ ಮುಂದೆ ನಿಂತಾಗ ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಅತ್ತೆ ಚಿಕ್ಕತಾಯಮ್ಮ ಮಾತ್ರ ಹಿಂದುಗಡೆ ಹೋಗಿ ಸುಮ್ಮನೆ ನಿಂತಿದ್ದರು. ಏನತ್ತೆ ಎಂದು ಕೇಳಿದ್ದಕ್ಕೆ, "ಏನಿಲ್ಲ ಕಣವ್ವ, ಚೆಂದಾಗದೆ ಗಾಡಿ" ಅಂದರು. ಅವರು ಮೊದಲಿನಿಂದಲೂ ಮಾತು ಕಡಿಮೆಯವರು. ನಾನು ಅದಕ್ಕೆ ಅರ್ಥ ಹುಡುಕಲು ಹೋಗಲಿಲ್ಲ.

ಸಂತೋಷ ಹದಿನೈದು ದಿನವೂ ಉಳಿಯಲಿಲ್ಲ. ಪಕ್ಕದ ಮನೆಯ ಸಣ್ಣಮ್ಮ ತನ್ನ ಚಂದ್ರಿಕೆಗಳನ್ನು ತರಿಸಬೇಕೆಂದು ನಮ್ಮ ಗಾಡಿ ಕೇಳಿದ್ದಳು. ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಒಬ್ಬರ ಮನೆಯಲ್ಲಿ ಬೆಳೆ ಮುಗಿದರೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ನನ್ನ ಗಂಡ ಅವನ್ನು ಹೇರಿಕೊಂಡು ಬಂದು ಅವಳ ಬಾಗಿಲಲ್ಲಿ ನಿಲ್ಲಿಸಿದರು. ಅದೇ ಹೊತ್ತಿಗೆ ಹನೂರಿನಿಂದ ಬಂದಿದ್ದ ಸಣ್ಣಮ್ಮನ ತಮ್ಮ ಗಾಡಿಯನ್ನು ಸುತ್ತಿ ನೋಡಿ, "ಇದು ಬಸಪ್ಪನ ಗಾಡಿ ಅಲ್ವಾ? ಮೈಸೂರು ಆಸ್ಪತ್ರೆಯಿಂದ ಹೆಣ ತರ್ತಿತ್ತಲ್ಲ, ಅದೇ ಕಣಕ್ಕ! ಬಣ್ಣ ಹೊಡ್ಸವ್ರೆ ಅಷ್ಟೆಯ" ಅಂದುಬಿಟ್ಟ.

ಸಣ್ಣಮ್ಮ ಹೌಹಾರಿದಳು. "ಅಯ್ಯೋ ಶಿವನೆ, ಇಳ್ಸಬೇಡಿ, ಇಳ್ಸಬೇಡಿ! ಹುಳದ ಮನೆಗೆ ಮೈಲಿಗೆ ತಾಕುದ್ರೆ ಬೆಳೆಯೆಲ್ಲ ಒಂಟೋಯ್ತದೆ" ಎಂದು ಕೂಗಾಡಿದಳು. ನಮ್ಮ ಕಡೆ ಹುಳುವಿನ ಮನೆಗೆ ದೇವರ ಮನೆಗಿಂತ ಹೆಚ್ಚು ಮಡಿ. ಸೂತಕದವರನ್ನು ಬಾಗಿಲ ಹತ್ತಿರಕ್ಕೂ ಬಿಡುವುದಿಲ್ಲ. ಅವಳ ಚಂದ್ರಿಕೆಗಳು ಮನೆ ಸೇರದೆ ಬೀದಿಯ ಬದಿಯಲ್ಲಿ ಬಿದ್ದವು. ಸಂಜೆಯೊಳಗೆ ಇಡೀ ಊರಿಗೆ ಸುದ್ದಿ ಮುಟ್ಟಿತು. ನಮ್ಮ ಗಾಡಿಗೆ ಗೂಡು ಹಾಕುತ್ತೇವೆ ಎಂದಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಏನೇನೋ ನೆಪ ಹೇಳಿ ಹೋದರು.

ನನ್ನ ಗಂಡ ಸಿಟ್ಟಿನಲ್ಲಿ ಕೊಳ್ಳೇಗಾಲಕ್ಕೆ ಹೊರಟರು, ನಾನೂ ಗಾಡಿ ಹತ್ತಿದೆ. ಬಸಪ್ಪ ಜಗಲಿಯ ಮೇಲೆ ಕೂತಿದ್ದ. ಯಾಕೆ ಹೇಳಲಿಲ್ಲ ಎಂದು ಇವರು ಗದರಿದರೆ ಅವನು ತಣ್ಣಗೆ, "ನೀವ್ ಕೇಳ್ನಿಲ್ವಲ್ಲ ಸಾ. ಎಂಜಿನ್ ಕೇಳುದ್ರಿ, ಟೈರ್ ಕೇಳುದ್ರಿ. ಯಾರ್ನ ಕೂರುಸ್ಕಂಡ್ ಬತ್ತಿದ್ದೆ ಅಂತ ಕೇಳ್ನಿಲ್ಲ" ಅಂದ. ಆಮೇಲೆ, "ಕದ್ದ ಮಾಲು ಸಾಗಿಸ್ನಿಲ್ಲ, ಗಂಧದ ಮರ ಸಾಗಿಸ್ನಿಲ್ಲ. ಸತ್ತೋರ್ನ ಮನೆಗೆ ತಲುಪಿಸ್ದೆ. ಅದ್ರಲ್ಲಿ ಏನ್ ತಪ್ಪದೆ ಯೋಳಿ" ಎಂದು ನಮ್ಮನ್ನೇ ಕೇಳಿದ.

ಮನೆಗೆ ಬಂದವರೇ ಗಾಡಿ ಮಾರಿಬಿಡೋಣ ಎಂದು ಇವರು ರಾಗ ತೆಗೆದರು. ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ ಎದ್ದು ಬಂದರು.

"ಮಾರ್ಬೇಡ ಕಣ್ಲಾ. ನಿಮ್ಮಪ್ಪ ಬಂದದ್ದು ಇದ್ರಲ್ಲೇಯ."

ನನ್ನ ಮಾವ ತೀರಿಕೊಂಡದ್ದು ನಾನು ಈ ಮನೆಗೆ ಬರುವುದಕ್ಕೆ ಎರಡು ವರ್ಷ ಮೊದಲು, ಮೈಸೂರಿನ ಆಸ್ಪತ್ರೆಯಲ್ಲಿ. ಜೊತೆಗಿದ್ದದ್ದು ಅತ್ತೆ ಮಾತ್ರ. ಆಸ್ಪತ್ರೆಯ ಮುಂದಿದ್ದ ಯಾವ ಗಾಡಿಯವರೂ ಅಷ್ಟು ದೂರ ಬರಲು ಒಪ್ಪದಿದ್ದಾಗ ಬಸಪ್ಪ ಒಪ್ಪಿದನಂತೆ. ಅತ್ತೆ ಹಿಂದಿನ ತೊಟ್ಟಿಯಲ್ಲಿ ಮಾವನ ಪಕ್ಕ ಕೂತು, ಅಲ್ಲಿ ಬೆಸುಗೆ ಹಾಕಿದ್ದ ಒಂದು ಕಬ್ಬಿಣದ ಬಳೆಯನ್ನು ಹಿಡಿದುಕೊಂಡು ಊರು ತಲುಪಿದ್ದರು. ಪೂಜೆಯ ದಿನ ಅದೇ ಬಳೆ ನೋಡಿ ಗುರುತು ಹಿಡಿದಿದ್ದರು. ಊರಲ್ಲೇ ಕಾದಿದ್ದ ಇವರಿಗೆ ಆ ಗಾಡಿಯ ಗುರುತು ಉಳಿಯದೆ ಇದ್ದದ್ದಕ್ಕೆ ನನಗೆ ಆಶ್ಚರ್ಯವಿಲ್ಲ. ಅಪ್ಪನ ಮುಖ ಬಿಟ್ಟು ಗಾಡಿಯ ಮುಖ ನೋಡುವ ಹೊತ್ತೇ ಅದು?

"ಅವತ್ತೇ ಯಾಕ್ ಯೋಳ್ನಿಲ್ಲ ಅವ್ವ?" ಎಂದು ಇವರು ಕೇಳಿದರು.

"ಯೋಳುದ್ರೆ ನೀ ತಕಂತಿದ್ಯಾ?" ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಅತ್ತೆ ಹಾಲಿನ ಡೈರಿಗೆ ತಾವೇ ಕ್ಯಾನು ಹಿಡಿದು ಹೊರಟರು. ಯಾವತ್ತೂ ಹೋದವರಲ್ಲ. ನಾನು ಗಾಬರಿಯಿಂದ ಹಿಂದೆಯೇ ಹೋದೆ. ಅಲ್ಲಿ ಅರ್ಧ ಊರೇ ನಿಂತಿತ್ತು. ಹಾಲು ಅಳೆಸಿ ಆದ ಮೇಲೆ ಅತ್ತೆ ಜನರ ಕಡೆ ತಿರುಗಿ, "ಪುಟ್ಮಾದ, ನಿಮ್ಮಪ್ಪ ಮೈಸೂರಿಂದ ಯಾತರಲ್ಲಿ ಬಂದ್ರು?" ಎಂದು ಕೇಳಿದರು. ನೆಪ ಹೇಳಿ ಹೋದವರಲ್ಲಿ ಒಬ್ಬನಾದ ಪುಟ್ಟಮಾದಪ್ಪ ತಲೆ ತಗ್ಗಿಸಿದ. "ಸಣ್ಣವ್ವ, ನಿಮ್ಮಣ್ಣ ಯಾತರಲ್ಲಿ ಬಂದ?" ಸಣ್ಣಮ್ಮ ಸೆರಗು ಬಾಯಿಗೆ ಹಿಡಿದಳು. "ಅವತ್ತು ಬಸಪ್ಪನ ಕೈ ಹಿಡ್ಕಂಡು ನೀನೇ ದೇವ್ರು ಅಂದ್ರಿ. ಇವತ್ತು ಅದೇ ಗಾಡಿ ಮೈಲಿಗೆ ಆಗೋಯ್ತಾ? ಹಂಗಾದ್ರೆ ನಿಮ್ಮಪ್ಪ, ನಿಮ್ಮಣ್ಣ, ನನ್ ಗಂಡ ಎಲ್ಲ ಮೈಲಿಗೆಯ?"

ನಾಲ್ಕು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದರೂ ಈ ಅತ್ತೆಯನ್ನು ನಾನು ನೋಡಿರಲಿಲ್ಲ. ಆ ವಾರ ಪುಟ್ಟಮಾದಪ್ಪ ತನ್ನ ಗೂಡಿನ ಮೂಟೆಗಳನ್ನು ನಮ್ಮ ಗಾಡಿಗೇ ಹಾಕಿದ. ಉಳಿದವರು ಅವನಿಗೆ ಒಳ್ಳೆಯ ರೇಟು ಸಿಕ್ಕಿತೇ ಎಂದು ಕಾದು ನೋಡಿ ಆಮೇಲೆ ನಿಧಾನಕ್ಕೆ ಬಂದರು. ಸಣ್ಣಮ್ಮ ಎಲ್ಲರಿಗಿಂತ ಕೊನೆಗೆ ಬಂದಳು.

ಊರು ದಾರಿಗೆ ಬಂತು, ನನ್ನ ತವರು ಬರಲಿಲ್ಲ. ನನ್ನ ತವರು ಯಳಂದೂರು. ಅಪ್ಪ ಇಲ್ಲದ ಮನೆಗೆ ಅಣ್ಣ ಶಿವಣ್ಣನೇ ಯಜಮಾನ. ಶ್ರಾವಣದಲ್ಲಿ ತಮ್ಮ ಕುಮಾರನ ಮದುವೆ ಗೊತ್ತಾಗಿತ್ತು. ಕರೆಯಲು ಬಂದ ಅಣ್ಣ ಕಾಫಿ ಕುಡಿದು ಎದ್ದವನು ಬಾಗಿಲಲ್ಲಿ ನಿಂತು, "ಮದ್ವೆಗೆ ಬಸ್ಸಲ್ಲೇ ಬಂದ್ಬುಡವ್ವ. ಆ ಗಾಡೀಲಿ ಬರ್ಬೇಡಿ. ಶುಭಕಾರ್ಯ, ಜನ ಆಡ್ಕತಾರೆ" ಅಂದ. ಅತ್ತೆ ಅಲ್ಲೇ ನಿಂತಿದ್ದರು. ನನಗೆ ಕೆಂಡ ಮೆಟ್ಟಿದ ಹಾಗಾಯಿತು. ಆದರೂ ನಗುತ್ತಾ, "ಆಯ್ತಣ್ಣ, ನೀನು ಚಿಂತೆ ಮಾಡ್ಬೇಡ" ಎಂದು ಕಳಿಸಿದೆ. ಬಸ್ಸಿನಲ್ಲಿ ಬರುತ್ತೇನೆ ಎಂದು ನಾನೇನೂ ಮಾತು ಕೊಡಲಿಲ್ಲವಲ್ಲ!

ಮದುವೆ ದಿನ ಪಿಕಪ್ಪನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಮಕ್ಕಳನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೊರಟೆವು. ಮುಹೂರ್ತ ಕೊಳ್ಳೇಗಾಲದ ಛತ್ರದಲ್ಲಿ. ಸಂಜೆ ಯಳಂದೂರಿನ ಮನೆಯಲ್ಲಿ ಹೆಣ್ಣು ತುಂಬಿಸಿಕೊಳ್ಳುವ ಶಾಸ್ತ್ರ. ಛತ್ರದ ಗದ್ದಲದಲ್ಲಿ ಯಾರ ಗಾಡಿ ಎಲ್ಲಿ ನಿಂತಿದೆ ಎಂದು ಯಾರೂ ನೋಡಲಿಲ್ಲ. ಯಳಂದೂರಿನ ಮನೆ ಮುಂದೆ ಹೋದಾಗ ಮಾತ್ರ ಅಣ್ಣ ಚಪ್ಪರದಿಂದ ಓಡಿ ಬಂದು ಅಡ್ಡ ಕೈ ಹಿಡಿದ. "ಭಾವ, ಗಾಡೀನ ಕೆರೆ ಏರಿ ತಾವ್ಲೇ ನಿಲ್ಸಿ" ಅಂದ. ನನ್ನ ಗಂಡ ಬೀಗರ ಮನೆಯಲ್ಲಿ ಜಗಳ ಯಾಕೆಂದು ಗಾಡಿ ತಿರುಗಿಸಿದರು. ಮಂಡಿ ನೋವಿನ ಅತ್ತೆ ಅಷ್ಟು ದೂರ ನಡೆಯಲಾರರು. "ನಾ ಗಾಡೀಲೇ ಕೂತಿರ್ತೀನಿ, ನೀ ಓಗವ್ವ. ನನ್ನಂತೋಳು ಶಾಸ್ತ್ರಕ್ಕೆ ಯಾಕೆ ಬೇಕು" ಅಂದರು. ತಾಳಿ ಇಲ್ಲದವಳು ಎಂಬ ಮಾತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ನಾನು ಮಕ್ಕಳ ಕೈ ಹಿಡಿದು ನಡೆದೆ. ಒಳಗೊಳಗೇ ಕುದಿಯುತ್ತಿದ್ದೆ. ಅವರನ್ನು ಊರಾಚೆ ಕೂರಿಸಿ ನಾನು ಇಲ್ಲಿ ಆರತಿ ಎತ್ತುವುದೆ?

ಮದುಮಕ್ಕಳ ಕಾರು ಬಂತು. ನಮ್ಮಲ್ಲಿ ಹೊಸ ಹೆಣ್ಣು ಹೊಸ್ತಿಲು ದಾಟುವ ಮೊದಲು ಗಂಡಿನ ಅಕ್ಕ ಬಾಗಿಲು ತಡೆಯಬೇಕು. ಇಬ್ಬರ ಬಾಯಲ್ಲೂ ಹೆಸರು ಹೇಳಿಸಿ, ಮುಂದೆ ಹೆಣ್ಣು ಹುಟ್ಟಿದರೆ ನನ್ನ ಮಗನಿಗೆ ಕೊಡುತ್ತೀರಾ ಎಂದು ಮಾತು ತೆಗೆದುಕೊಂಡು ಆಮೇಲೆ ದಾರಿ ಬಿಡಬೇಕು. ಅವಳು ಕೇಳಿದ್ದಕ್ಕೆ ಒಪ್ಪದೆ ಯಾರೂ ಒಳಗೆ ಕಾಲಿಡುವಂತಿಲ್ಲ. ನಾನು ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತೆ. ಕುಮಾರ ಹೆಂಡತಿಯ ಹೆಸರು ಹೇಳಿದ. ಮದುಮಗಳು ಮಂಜುಳ ನಾಚಿಕೊಂಡು ಅವನ ಹೆಸರು ಹೇಳಿದಳು. "ಅಕ್ಕ, ಹೆಣ್ ಹುಟ್ಟುದ್ರೆ ನಿನ್ ಮಗನಿಗೇ ಕೊಡ್ತೀವಿ, ಬುಡು" ಎಂದು ಕುಮಾರ ಕಿಸಕ್ಕನೆ ನಕ್ಕ.

"ನಂಗೆ ಹೆಣ್ಣು ಬೇಡ" ಎಂದೆ. "ನೀವಿಬ್ರೂ ನಮ್ ಗಾಡೀಲಿ ಕೂತು ಈ ಬೀದಿ ಒಂದ್ ಸುತ್ತು ಬರ್ಬೇಕು. ಆಮೇಲೆ ಬಾಗ್ಲು ಬುಡ್ತೀನಿ."

ಅಣ್ಣನ ಮುಖ ಕೆಂಪಾಯಿತು. "ಲೇ, ತಮಾಷೆ ಸಾಕು, ಬಾಗ್ಲು ಬುಡು. ಹೊಸ ಹೆಣ್ಣ ಹೆಣದ ಗಾಡಿಗೆ ಹತ್ತುಸ್ತೀಯ?"

"ಹೆಣದ ಗಾಡಿ ಅಲ್ಲ ಕಣಣ್ಣ. ನಮ್ ಮಾವನ್ನ ಮನೆಗೆ ತಂದ ಗಾಡಿ. ಬಾಗ್ಲು ತಡ್ಯೋದು ನನ್ ಹಕ್ಕು, ಕೇಳೋದೂ ನನ್ ಹಕ್ಕು. ಬೇಕಾದ್ರೆ ನನ್ನ ತಳ್ಕಂಡು ಒಳಿಕ್ ಓಗಿ" ಎಂದೆ. ಚಾಚಿದ ಕೈ ಇಳಿಸಲಿಲ್ಲ.

ಯಾರೋ ಹಿರಿಯರು ಬುದ್ಧಿ ಹೇಳಲು ಬಂದರು. ಕುಮಾರ ಅಣ್ಣನ ಮುಖ, ನನ್ನ ಮುಖ ನೋಡುತ್ತಾ ಬೆವರಿದ. ಆಗ ಆ ಹೊಸ ಹುಡುಗಿ, ಬಾಸಿಂಗ ಕಟ್ಟಿಕೊಂಡು ತಲೆ ಬಗ್ಗಿಸಿ ನಿಂತಿದ್ದವಳು, ಮೆಲ್ಲಗೆ ಕೇಳಿದಳು:

"ಅಕ್ಕ, ಮುಂದ್ಲ ಸೀಟಾ, ಹಿಂದ್ಲ ಸೀಟಾ?"

ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಜನರ ನಡುವೆ ಯಾರೋ ನಕ್ಕರು, ನಕ್ಕ ಮೇಲೆ ಬಿಗಿ ಸಡಿಲವಾಯಿತು. ನನ್ನ ಗಂಡ ಓಡಿ ಹೋಗಿ ಗಾಡಿ ತಂದರು. ಮುಂದಿನ ಸೀಟಿನಲ್ಲಿದ್ದ ಅತ್ತೆ ಮದುಮಕ್ಕಳನ್ನು ಕಂಡು ಗಾಬರಿಯಿಂದ ಇಳಿಯಲು ನೋಡಿದರು. "ನಾ ಎದುರಾಗ್ಬಾರ್ದು ಕಣವ್ವ, ಇಳೀತೀನಿ" ಅಂದರು. ನಾನು ಬಾಗಿಲು ಒತ್ತಿ ಹಿಡಿದೆ. ಮಂಜುಳ, "ನೀವು ಕೂತ್ಕಳಿ ಅತ್ತೆ, ನಾವು ಹಿಂದೆ ಕೂತ್ಕತೀವಿ" ಎಂದು ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿಯೇಬಿಟ್ಟಳು. ಕುಮಾರ ಅವಳ ಹಿಂದೆ ಹತ್ತಿದ. ನಾನೂ ಅವಳ ಪಕ್ಕ ತೂರಿಕೊಂಡೆ.

ಗಾಡಿ ನಿಧಾನವಾಗಿ ಬೀದಿಯಲ್ಲಿ ಹೊರಟಿತು. ಜನ ಬಾಗಿಲುಗಳಿಗೆ ಬಂದು ನಿಂತರು. ತಿರುವಿನ ಹತ್ತಿರ ಒಂದು ಮನೆಯವರು ಮದುಮಕ್ಕಳಿಗೆಂದು ಪಾನಕದ ಚೊಂಬು ಹಿಡಿದು ಗಾಡಿ ನಿಲ್ಲಿಸಿದರು. ಮೊದಲ ಲೋಟವನ್ನು ಕಿಟಕಿಯಲ್ಲಿ ಅತ್ತೆಗೇ ಕೊಟ್ಟರು. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು, ಕುಡಿಯಲಿಲ್ಲ. ಕುಡೀರಿ ಅತ್ತೆ ಎಂದೆ. ಅವರು ಹಿಂದೆ ತಿರುಗದೆ ಹೇಳಿದರು:

"ಅವತ್ತು ನರಸೀಪುರದ ದಾರಿ ಕೆಟ್ಟಿತ್ತು ಅಂತ ಬಸಪ್ಪ ಈ ಬೀದೀಲೇ ಬಂದ. ಇಲ್ಲೇ ನಿಲ್ಲುಸ್ದ. ಗಂಟ್ಲು ಒಣಗೋಗಿತ್ತು, ಒಂದ್ ಲೋಟ ನೀರ್ ಕೇಳ್ದೆ ಕಣವ್ವ. ಹಿಂದ್ಗಡೆ ಏನದೆ ಅಂತ ನೋಡ್ಬುಟ್ಟು ಎಲ್ರೂ ಬಾಗ್ಲು ಹಾಕ್ಕಂಡ್ರು."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಆ ಪಾನಕವನ್ನು ಒಂದು ತೊಟ್ಟೂ ಬಿಡದೆ ಕುಡಿದರು. ಮಂಜುಳ ಹಿಂದಿನಿಂದ ಅವರ ಹೆಗಲ ಮೇಲೆ ಕೈ ಇಟ್ಟಳು.

ಇದಾಗಿ ಈಗ ಎರಡು ವರ್ಷ. ಗಾಡಿ ವಾರವೆಲ್ಲ ಗೂಡು ಸಾಗಿಸುತ್ತದೆ, ಭಾನುವಾರ ನಮ್ಮನ್ನು ಸಾಗಿಸುತ್ತದೆ. ಯಾರದಾದರೂ ಮನೆಯಲ್ಲಿ ಸಾವಾಗಿ ಬೇರೆ ಗಾಡಿ ಸಿಗದಿದ್ದರೆ ಮೈಸೂರಿಗೂ ಹೋಗುತ್ತದೆ, ಬಂದ ಮೇಲೆ ತೊಳೆದು ಮತ್ತೆ ಗೂಡು ತುಂಬುತ್ತೇವೆ. ಅದನ್ನು ನಾವು ಯಾರಿಂದಲೂ ಮುಚ್ಚಿಟ್ಟಿಲ್ಲ. ಅಣ್ಣ ಇವತ್ತಿಗೂ ಹತ್ತಿಲ್ಲ, ನಾನೂ ಬಲವಂತ ಮಾಡುವುದಿಲ್ಲ. ಮುಂದಿನ ಸೀಟು ಕೇಳಿದವರಿಗೆ ಮಾತ್ರ, ಎಂಥ ದೊಡ್ಡ ನೆಂಟರೇ ಆಗಲಿ, ಹಿಂದೆ ಕೂರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ. ಅದು ನಮ್ಮ ಅತ್ತೆಯ ಜಾಗ.